ಹಿಂಬದಿಗೆ ಕೊಬ್ಬು ತುಂಬಿಸಿಕೊಳ್ಳುವ ಮುನ್ನ

2022ರ ಮೇ 16. ಕಿರುತೆರೆ ನಟಿ ಚೇತನಾ ರಾಜ್, ವಯಸ್ಸು ಬರೀ 21, ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿ ಬಳಿಕ ತೀರಿಕೊಂಡರು.

ಹಿಂಬದಿಯನ್ನು ದುಂಡಗೆ ಮಾಡುವ ‘ಬಿಬಿಎಲ್’ನ ಮೊದಲ ಹಂತವೂ ಇದೇ, ಹೊಟ್ಟೆ-ತೊಡೆಯಿಂದ ಕೊಬ್ಬು ಹೀರುವುದು. ದೊಡ್ಡ ಗಂಡಾಂತರ ಇರುವುದು ಎರಡನೆಯ ಹಂತದಲ್ಲಿ. ಆ ಕೊಬ್ಬನ್ನು ಪೃಷ್ಠಕ್ಕೆ ಸೇರಿಸುವಾಗ ಕೊಳವೆಯ ತುದಿ ಸ್ನಾಯುವಿಗಿಳಿದು ಅಲ್ಲಿನ ದಪ್ಪ ರಕ್ತನಾಳ ಹರಿದರೆ, ಕೊಬ್ಬು ಹೃದಯ ದಾಟಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಜೀವ ಉಳಿಸುವುದು ಬಹಳ ಕಷ್ಟ. ಚರ್ಮದಡಿಗೆ ಮಾತ್ರ ಹಾಕಿ, ಸ್ನಾಯುವಿಗೆ ಬೇಡವೇ ಬೇಡ ಎಂದು ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಗಳು 2018ರಲ್ಲೇ ಎಚ್ಚರಿಸಿವೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಗೆಳತಿಯರೇ, ಆಫರ್, ಇಎಂಐ ಎಲ್ಲ ಆಮೇಲೆ. ಮೊದಲು ಕ್ಲಿನಿಕ್ ನೋಡಿ. ಗೋಡೆ ಮೇಲೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇದೆಯಾ? ಡಾಕ್ಟರು ಪ್ಲಾಸ್ಟಿಕ್ ಸರ್ಜರಿಯನ್ನೇ ಓದಿದವರಾ? ಅರಿವಳಿಕೆ ತಜ್ಞರು ಇದ್ದಾರಾ, ಐಸಿಯು ಅಲ್ಲೇ ಇದೆಯಾ? ಕೊಬ್ಬು ಹಾಕುವಾಗ ಅಲ್ಟ್ರಾಸೌಂಡ್‌ನಲ್ಲಿ ಕೊಳವೆ ನೋಡುತ್ತಾರಾ? ಉತ್ತರ ತಡವರಿಸಿದರೆ ಅಡ್ವಾನ್ಸ್ ಕಟ್ಟದೆ ಎದ್ದು ಬನ್ನಿ.