ನಾಳೆಯ ಕ್ಲಾಸಿಗೆ ಇವತ್ತಿನ ಇಪ್ಪತ್ತು ನಿಮಿಷ

ಇಂಟರ್ನಲ್ಸ್‌ಗೆ ಓದ್ತೀವಿ, ಲ್ಯಾಬ್ ವೈವಾಗೆ ಓದ್ತೀವಿ, ಸೆಮಿಸ್ಟರ್ ಪರೀಕ್ಷೆಗಂತೂ ರಾತ್ರಿಯೆಲ್ಲಾ ಓದ್ತೀವಿ. ಆದರೆ ನಾಳೆ ಬೆಳಿಗ್ಗೆಯ ಕ್ಲಾಸಿಗೆ ಅಂತ ಓದುವವರು ನಮ್ಮಲ್ಲಿ ಎಷ್ಟು ಜನ? "ಪಾಠ ಮಾಡೋಕೆ ಸರ್ ಇದ್ದಾರಲ್ಲ, ಮೊದಲೇ ಯಾಕೆ ಓದಬೇಕು?" ಅಂತ ಕೇಳುವವರೇ ಹೆಚ್ಚು. ಪ್ರಶ್ನೆ ಸರಿಯಾದದ್ದೇ, ಉತ್ತರ ನೋಡೋಣ.

ನಮ್ಮ ತಲೆ ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಬೆರಳೆಣಿಕೆಯಷ್ಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಈ ಮಿತಿಯನ್ನು ಸುಮಾರು 7 ಎಂದರು. ನಂತರದ ಸಂಶೋಧಕರು 4ರ ಆಸುಪಾಸು ಎನ್ನುತ್ತಾರೆ. ಹೊಸ ಪದ, ಹೊಸ ಚಿಹ್ನೆ, ಹೊಸ ಚಿತ್ರ, ಜೊತೆಗೆ ಬೋರ್ಡ್ ಒರೆಸುವ ಮುಂಚೆ ಬರೆದುಕೊಳ್ಳುವ ಆತುರ. ಇಷ್ಟರಲ್ಲೇ ಜಾಗ ತುಂಬಿಹೋದರೆ "ಇದು ಯಾಕೆ ಹೀಗೆ?" ಅಂತ ಯೋಚಿಸೋದು ಯಾವಾಗ? ಒಮ್ಮೆ ಕಣ್ಣಾಡಿಸಿದ ವಿಷಯಕ್ಕೆ ಅಷ್ಟು ಜಾಗ ಬೇಕಾಗಲ್ಲ.

ಒಂದು ಉದಾಹರಣೆ. ನಾಳೆ ಬೆಂಡಿಂಗ್ ಮೊಮೆಂಟ್ ಪಾಠ ಇದೆ ಅಂದುಕೊಳ್ಳಿ. ಎರಡೂ ತುದಿಗೆ ಆಧಾರವಿರುವ 6 ಮೀಟರ್ ತೊಲೆ, ನಡುವೆ 12 ಕಿಲೋನ್ಯೂಟನ್ ಭಾರ. ಆಧಾರಗಳಲ್ಲಿನ ಪ್ರತಿಕ್ರಿಯೆ ತಲಾ 6 ಅನ್ನೋದು ಹಳೆಯ ಪಾಠದ ಲೆಕ್ಕ. ಅದನ್ನು ಹಿಂದಿನ ರಾತ್ರಿಯೇ ಮಾಡಿ ನೋಡಿದವರಿಗೆ ಕ್ಲಾಸಿನಲ್ಲಿ ನಡುಬಿಂದುವಿನ ಮೊಮೆಂಟ್ 6×3, ಅಂದರೆ 18 ಕಿಲೋನ್ಯೂಟನ್ ಮೀಟರ್ ಅನ್ನೋದು ಸಲೀಸಾಗಿ ಅರ್ಥವಾಗುತ್ತೆ. ಆಮೇಲೆ "ಶಿಯರ್ ಫೋರ್ಸ್ ಚಿಹ್ನೆ ಬದಲಾಯಿಸೋ ಜಾಗದಲ್ಲೇ ಮೊಮೆಂಟ್ ಹೆಚ್ಚು ಯಾಕೆ?" ಅಂತ ಕೇಳೋಕೂ ಆಗುತ್ತೆ. ಉಳಿದವರು ಆ ಹೊತ್ತಿಗೆ "ಈ 6 ಎಲ್ಲಿಂದ ಬಂತು?" ಅಂತ ಪಕ್ಕದವರನ್ನು ಕೇಳ್ತಾ ಇರ್ತಾರೆ.

ಕನ್ನಡ ಮಾಧ್ಯಮದಿಂದ ಬಂದ ಗೆಳೆಯರಿಗೆ ಇದು ಇನ್ನೂ ಮುಖ್ಯ. ವೇಗೋತ್ಕರ್ಷ, ಸಂವೇಗ, ಜಡತ್ವ ಎಂದು ಚೆನ್ನಾಗಿಯೇ ಕಲಿತದ್ದು ಇಲ್ಲಿ ಆಕ್ಸಲರೇಷನ್, ಮೊಮೆಂಟಮ್, ಇನರ್ಷಿಯಾ ಆಗಿ ಎದುರಾಗುತ್ತೆ. ಪಾಠ ನಡೆಯುವಾಗಲೇ ಮನಸ್ಸಿನೊಳಗೆ ಅನುವಾದವೂ ನಡೆಯಬೇಕು. ಸುಮ್ಮನೆ ಕೂತ ಹುಡುಗ ದಡ್ಡನಲ್ಲ, ಎರಡು ಕೆಲಸ ಒಟ್ಟಿಗೆ ಮಾಡ್ತಿದ್ದಾನೆ. ನಾಳೆ ಬರುವ ಪದಗಳ ಅರ್ಥವನ್ನು ಇವತ್ತೇ ಪುಸ್ತಕದ ಅಂಚಿನಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಒಂದು ಕೆಲಸ ಮುಗಿದ ಹಾಗೆ.

ಹಾಗಾದರೆ ಎಷ್ಟು ಓದಬೇಕು? ಇಪ್ಪತ್ತು ನಿಮಿಷ ಸಾಕು.

• ಮೊದಲ 5 ನಿಮಿಷ: ಹಿಂದಿನ ಕ್ಲಾಸಿನ ನೋಟ್ಸ್.
• ಮುಂದಿನ 10 ನಿಮಿಷ: ನಾಳೆಯ ಪಾಠದ ತಲೆಬರಹ, ಚಿತ್ರ, ಹೊಸ ಪದ. ಎಲ್ಲಾ ಅರ್ಥವಾಗಲೇಬೇಕು ಅಂತಿಲ್ಲ. ಎಲ್ಲಿ ಅರ್ಥವಾಗಲಿಲ್ಲ ಅಂತ ಗೊತ್ತಾದರೆ ಸಾಕು.
• ಕೊನೆಯ 5 ನಿಮಿಷ: ಆ ಜಾಗದ ಬಗ್ಗೆ ಒಂದು ಪ್ರಶ್ನೆ ಬರೆದಿಡಿ.

ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್, ಬಸ್ಸಿನ ಓಡಾಟದ ನಡುವೆ ಎಲ್ಲಾ ವಿಷಯಕ್ಕೂ ಹೀಗೆ ಮಾಡೋದು ಕಷ್ಟವೇ. ಅತಿ ಕಷ್ಟ ಅನಿಸುವ ಒಂದೇ ವಿಷಯದಿಂದ ಶುರು ಮಾಡೋಣ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ಬೋಧನಾ ಕ್ರಮ ಇದನ್ನೇ ನಂಬಿದೆ. ಮಕ್ಕಳು ಓದಿಕೊಂಡು ಬರ್ತಾರೆ, ಅವರು ಕ್ಲಾಸಿನಲ್ಲಿ ಪ್ರಶ್ನೆ ಕೊಡ್ತಾರೆ. ಮೊದಲು ಒಬ್ಬೊಬ್ಬರೇ ಉತ್ತರಿಸಿ, ಪಕ್ಕದವರ ಜೊತೆ ವಾದ ಮಾಡಿ, ಮತ್ತೆ ಉತ್ತರಿಸ್ತಾರೆ. ಯಾರೂ ಓದಿಕೊಂಡು ಬರದಿದ್ದರೆ ಅಲ್ಲಿ ವಾದಕ್ಕೆ ಏನೂ ಇರಲ್ಲ.

ನಮ್ಮ ಕ್ಲಾಸಿನಲ್ಲೂ ಅಷ್ಟೇ. "ಎನಿ ಡೌಟ್ಸ್?" ಅಂದಾಗ ಎಲ್ಲರೂ ಸುಮ್ಮನಿದ್ದರೆ, ಅರ್ಥವಾಗಿದೆ ಅಂದುಕೊಂಡು ಸರ್ ಮುಂದಿನ ಮಾಡ್ಯೂಲ್‌ಗೆ ಹೋಗ್ತಾರೆ. ಮೂರ್ನಾಲ್ಕು ಜನ ಪ್ರಶ್ನೆ ಬರೆದುಕೊಂಡು ಬಂದರೂ ಸಾಕು, ಪಾಠ ಎಲ್ಲಿ ನಿಧಾನವಾಗಬೇಕೋ ಅಲ್ಲಿ ನಿಧಾನವಾಗುತ್ತೆ. ಇಂಗ್ಲಿಷ್ ಬರಲ್ಲ ಅಂತ ಪ್ರಶ್ನೆಯನ್ನು ನುಂಗಿಕೊಳ್ಳಬೇಡಿ, ಕನ್ನಡದಲ್ಲೇ ಕೇಳಿ.