ರಣಹದ್ದಿನ ರಕ್ತಕಣಗಳೂ ದನಗಳ ಚಿಕಿತ್ಸೆಯೂ

ಸತ್ತ ದನಗಳ ಮಾಂಸವನ್ನು ತಿಂದು ಊರಿನ ಸುತ್ತಣ ನೆಲವನ್ನು ಶುಚಿಯಾಗಿಡುವ ರಣಹದ್ದುಗಳು ಹಿಂದೆ ನಾಡಿನಲ್ಲೆಲ್ಲಾ ವಿಪುಲವಾಗಿದ್ದುವು. ಈಗ ಅವು ಅಳಿದುಹೋಗುವ ಸ್ಥಿತಿಗೆ ಬಂದಿರುತ್ತವೆ. ಉದ್ದಕೊಕ್ಕಿನ ರಣಹದ್ದಿನ ರಕ್ಷಣೆಗಾಗಿ ರಾಮನಗರದ ರಾಮದೇವರ ಬೆಟ್ಟವು 2012ನೆಯ ಇಸವಿಯಲ್ಲಿ ಪಕ್ಷಿಧಾಮವಾಯಿತು. ಆಹಾರವನ್ನರಸಿ ಹತ್ತಾರು ಮೈಲಿ ಹಾರುವ ಈ ಪಕ್ಷಿಯ ಅಳಿವು ಉಳಿವು ಬೆಟ್ಟದ ಕಾವಲಿನಿಂದ ಮಾತ್ರವೇ ನಿರ್ಧಾರವಾಗುವುದಿಲ್ಲ. ರೈತರ ಕೊಟ್ಟಿಗೆಗಳಲ್ಲಿ ನಡೆಯುವ ಚಿಕಿತ್ಸೆಯಿಂದಲೂ ಆಗುತ್ತದೆ.

ಆಕಳ ರಕ್ತದ ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣವೇರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಬಿಲ್ಲೆಗಳಂತೆ ದುಂಡಾಗಿ ಕಾಣುತ್ತವೆ, ಅವುಗಳಲ್ಲಿ ಕೋಶಕೇಂದ್ರವಿಲ್ಲ. ರಣಹದ್ದಿನ ಕೆಂಪು ಕಣಗಳಾದರೋ, ಮನೆಯ ಕೋಳಿಯವುಗಳಂತೆಯೇ, ಮೊಟ್ಟೆಯಾಕಾರದವು. ಪ್ರತಿಯೊಂದರ ನಡುವೆಯೂ ಕಡುನೇರಳೆ ಬಣ್ಣದ ಕೋಶಕೇಂದ್ರವಿರುತ್ತದೆ. ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳು ಆಕಳಲ್ಲಿ ಕೇಂದ್ರವಿಲ್ಲದ ಸಣ್ಣ ಚೂರುಗಳು; ಪಕ್ಷಿಯಲ್ಲಿ ಅವೂ ಕೇಂದ್ರವುಳ್ಳ ಪೂರ್ಣ ಕಣಗಳೇ. ಬಿಳಿಯ ಕಣಗಳಲ್ಲಿ ಹೆಟೆರೊಫಿಲ್ ಎಂಬುದು ಮುಖ್ಯವಾದುದು. ಕಡ್ಡಿಯಂತಹ ಕಿತ್ತಳೆಗೆಂಪು ಹರಳುಗಳಿಂದ ಇದನ್ನು ಗುರುತಿಸಬಹುದು. ಸೋಂಕು ತಗಲಿದಾಗ ಅಥವಾ ಪಕ್ಷಿಯು ಬಹಳ ಬೆದರಿದಾಗ ಇದರ ಪ್ರಮಾಣ ಹೆಚ್ಚುವುದುಂಟು.

ಇಷ್ಟನ್ನು ನೋಡಿದ ಮಾತ್ರಕ್ಕೆ ರಣಹದ್ದುಗಳ ನಾಶದ ಕಾರಣವು ತಿಳಿಯುವುದಿಲ್ಲ. ಅದು ಕಣಗಳ ಆಕಾರದಲ್ಲಲ್ಲ, ರಕ್ತದ ದ್ರವಭಾಗದಲ್ಲಿ ಅಡಗಿದೆ. ನೋವು ಶಮನಕ್ಕೆಂದು ದನಕ್ಕೆ ಡೈಕ್ಲೋಫೆನಾಕ್ ಚುಚ್ಚಿದ ಮೇಲೆ ಅದು ಬೇಗನೆ ಸತ್ತರೆ, ಮದ್ದು ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಡುತ್ತವೆ. ಯೂರಿಕ್ ಆಮ್ಲವು ರಕ್ತದಲ್ಲಿ ಏರಿ, ಒಳಗಿನ ಅಂಗಗಳ ಮೇಲೆ ಸುಣ್ಣದಂತೆ ಬೆಳ್ಳಗೆ ಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಪಕ್ಷಿಯು ಸಾಯುತ್ತದೆ. ಈ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಭಾರತ ಸರ್ಕಾರವು 2006ರಲ್ಲಿ ಈ ಮದ್ದನ್ನು ಪಶುಚಿಕಿತ್ಸೆಗೆ ನಿಷೇಧಿಸಿತು. ಮನುಷ್ಯರ ಔಷಧದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗದಂತೆ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಮಿತಿಗೊಳಿಸಿತು. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಮದ್ದುಗಳೂ 2023ರಲ್ಲಿ ಪಶುಗಳಿಗೆ ನಿಷಿದ್ಧವಾದುವು.

ಆದಕಾರಣ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮಮುಖ್ಯಸ್ಥರೂ ಭೂಮಾಲಿಕರೂ ಈ ವಿಷಯವನ್ನು ರೈತರಿಗೆ ತಿಳಿಯಹೇಳುವುದು ಉಚಿತ. ಬೂಕನಬೆಟ್ಟದಂತಹ ದನಗಳ ಜಾತ್ರೆಗಳು ಇದಕ್ಕೆ ಒಳ್ಳೆಯ ಅವಕಾಶ. ನಿಷಿದ್ಧ ಮದ್ದನ್ನು ಯಾರೂ ಕೊಡತಕ್ಕದ್ದಲ್ಲ. ಪಶುವೈದ್ಯರ ಸಲಹೆಯಂತೆ ಮೆಲಾಕ್ಸಿಕಾಮ್ ಕೊಟ್ಟರೆ ದನದ ನೋವೂ ಶಮನವಾಗುತ್ತದೆ, ಹದ್ದಿಗೂ ಅಪಾಯವಿಲ್ಲ. ಮದ್ದು ಪಡೆದು ಸತ್ತ ದನವನ್ನು ಬಯಲಿನಲ್ಲಿ ಎಸೆಯದೆ ಆಳವಾಗಿ ಹೂಳುವುದು ಕ್ಷೇಮ.