ಕಾಡನ್ನು ಎಲ್ಲಿಗೆ ಕತ್ತರಿಸೋದು?

ಒಂದೇ ಒಂದು ಎಲೆಯನ್ನೂ ಅಳಿಸುವಂತಿಲ್ಲ! ಹಕ್ಕಿಯ ಕೊಕ್ಕಿಗೆ ಅಡ್ಡ ಬಂದ ಕಡ್ಡಿಯನ್ನು ಒರೆಸುವಂತಿಲ್ಲ, ಪಕ್ಕದ ಕೊಂಬೆಯ ಹೂವನ್ನು ಎತ್ತಿ ಇತ್ತ ಇಡುವಂತಿಲ್ಲ, ಆಕಾಶ ಬೆಳ್ಳಗಾಯಿತೆಂದು ನೀಲಿ ಬಳಿಯುವಂತೂ ಇಲ್ಲವೇ ಇಲ್ಲ. ಆದರೆ ಚಿತ್ರದ ಮುಕ್ಕಾಲು ಪಾಲನ್ನು ಕತ್ತರಿಸಿ ಬಿಸಾಕಿ, ಯಾರೂ ಚಕಾರ ಎತ್ತುವುದಿಲ್ಲ! ಛಾಯಾಗ್ರಹಣದ ಮೂರು ದೊಡ್ಡ ಸಂಸ್ಥೆಗಳು, ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ಆರ್‌ಪಿಎಸ್, ಒಟ್ಟಾಗಿ ಒಪ್ಪಿ 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆಯ ತಿರುಳು ಇಷ್ಟೇ. ಚಿತ್ರಕ್ಕೆ ಏನನ್ನೂ ಸೇರಿಸಬೇಡಿ, ಇದ್ದದ್ದನ್ನು ಸರಿಸಬೇಡಿ, ತೆಗೆಯಬೇಡಿ. ತೆಗೆಯಲೇಬೇಕಿದ್ದರೆ ಅಂಚಿನಿಂದ ಕ್ರಾಪ್ ಮಾಡಿ. ಸಾವಿರ ಉಪಾಯಗಳಿರುವ ಫೋಟೋಶಾಪಿನಲ್ಲಿ ಹಕ್ಕಿ ಫೋಟೋದವನಿಗೆ ಚಿತ್ರದ ರೂಪ ಬದಲಿಸಲು ಉಳಿದದ್ದು ಕ್ರಾಪಿನ ನಾಲ್ಕು ಗೆರೆ!

ಆ ನಾಲ್ಕು ಗೆರೆಗಳ ಗಮ್ಮತ್ತು ನನ್ನ ಕಣ್ಣೆದುರು ಬಿಚ್ಚಿಕೊಂಡದ್ದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ, ಮದುವೆ ಆಲ್ಬಮ್ಮುಗಳ ರಾಶಿಯ ನಡುವೆ, ಒಂದು ಸ್ಟುಡಿಯೋದ ಕಂಪ್ಯೂಟರ್ ಮುಂದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ; ಇಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳದು. ಮಳೆಕಾಡಿಗೂ ಈ ಊರಿಗೂ ಏನು ಸಂಬಂಧ ಅನ್ನುತ್ತೀರಾ? ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ಮಡಿಲಲ್ಲಿ ಹುಟ್ಟಿದ ವೇದಾ, ಆವತಿ ಎರಡೂ ಕೂಡಿ ವೇದಾವತಿಯಾಗಿ ಹೊಸದುರ್ಗ ಸೀಮೆ ಹಾದು ಮಾರಿಕಣಿವೆಗೆ ಬರುತ್ತದೆ. 2022ರಲ್ಲಿ, 89 ವರ್ಷಗಳ ಮೇಲೆ, ಅಲ್ಲಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನೋಡಲು ಜನ ಕಿಕ್ಕಿರಿದರಲ್ಲ, ಆ ನೀರಿನಲ್ಲಿ ಪಶ್ಚಿಮಘಟ್ಟದ ಮಳೆಯೂ ಇತ್ತು. ಈ ಸ್ಟುಡಿಯೋ ಹುಡುಗ ಹೊಳೆಯ ಎದುರು ದಿಕ್ಕಿಗೆ ಹೋಗಿದ್ದ, ಅಷ್ಟೇ. ಸೀಸನ್ ಮುಗಿದ ಮೇಲೆ ಮದುವೆಯ ಕ್ಯಾಮೆರಾವನ್ನೇ ಹೆಗಲಿಗೇರಿಸಿ ಮಲೆನಾಡು ಹತ್ತಿ ಟ್ರೋಗನ್ ಹಕ್ಕಿಯ ಚಿತ್ರ ತೆಗೆದುಕೊಂಡು ಬಂದಿದ್ದ.

ಮಲಬಾರ್ ಟ್ರೋಗನ್! ನಮ್ಮ ಪಕ್ಷಿ ಪುಸ್ತಕಗಳ ಕಾಕರಣೆ ಹಕ್ಕಿ. ಗಂಡಿಗೆ ಕರಿ ತಲೆ, ಎದೆಗೊಂದು ಬಿಳಿ ಪಟ್ಟಿ, ಅದರ ಕೆಳಗೆಲ್ಲ ಕಡುಗೆಂಪು. ಆದರೆ ಅದರ ಠಕ್ಕು ನೋಡಿ: ಮನುಷ್ಯನ ಸುಳಿವು ಸಿಕ್ಕರೆ ಮೆಲ್ಲಗೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಕೆಂಪೆಲ್ಲ ಆಚೆಗೆ, ಕಂದು ಬೆನ್ನು ಈಚೆಗೆ! ಕಾಡಿನಲ್ಲೇ ಅತಿ ಬಣ್ಣದ ಹಕ್ಕಿಗಳಲ್ಲೊಂದು ಕ್ಷಣದಲ್ಲಿ ಒಣಗಿದ ಎಲೆಯಾಗಿಬಿಡುತ್ತದೆ.

ಹುಡುಗನ ಚಿತ್ರದಲ್ಲೂ ಅದು ಬೆನ್ನು ಹಾಕಿಯೇ ಕೂತಿತ್ತು, ಕತ್ತು ಮಾತ್ರ ಎಡಕ್ಕೆ ತಿರುಗಿತ್ತು. ಅವನು ಅದನ್ನು ಕ್ರಾಪ್ ಮಾಡಿ ಪರದೆ ತುಂಬಿಸಿದ್ದ. "ಹೆಂಗೈತಣ್ಣ?" ಅಂದ. ಪಾಸ್‌ಪೋರ್ಟ್ ಫೋಟೋ ಇದ್ದ ಹಾಗಿತ್ತು. ಹಕ್ಕಿ ದೊಡ್ಡದು, ಕಣ್ಣು ಕಾಣುತ್ತದೆ, ಗುರುತು ಹಿಡಿಯಬಹುದು, ಅಲ್ಲಿಗೆ ಮುಗಿಯಿತು. "ಸ್ವಲ್ಪ ಹೊರಗೆ ಎಳಿ ತಮ್ಮಾ," ಅಂದೆ. ಮೌಸ್ ಹಿಡಿದು ಎಡಗಡೆಯ ಗೆರೆಯನ್ನು ಸರಿಸಿದ. ಹಕ್ಕಿ ನೋಡುತ್ತಿದ್ದ ಕಡೆ ಒಂದಿಷ್ಟು ಜಾಗ ಬಂತು, ಬಂದದ್ದೇ ತಡ, ಗೋಡೆ ನೋಡುತ್ತಿದ್ದ ಹಕ್ಕಿ ಏನನ್ನೋ ಹುಡುಕತೊಡಗಿತು! ಮೇಲಿನ ಗೆರೆ ಸರಿಯಿತು, ಬಳ್ಳಿಯೊಂದು ಇಳಿದು ಬಂತು. ಕೆಳಗಿನದು ಸರಿಯಿತು, ಪಾಚಿ ಹಿಡಿದ ಕಾಂಡ, ಅದರ ಹಿಂದೆ ಹಸಿರು, ಅದರ ಹಿಂದೆ ಕಪ್ಪು ಹಸಿರು. ಆಗ ಕಂಡಿತು ನೋಡಿ, ರೆಕ್ಕೆಯಂಚಿನಲ್ಲಿ ಆಚೆಯಿಂದ ಇಣುಕುವ ಕೆಂಪಿನ ಒಂದು ಗೀರು! ಅದು ಮೊದಲೂ ಅಲ್ಲೇ ಇತ್ತು, ಆಗ ಇನ್ನೂ ದೊಡ್ಡದಾಗಿಯೇ ಇತ್ತು. ಸುತ್ತ ಇಷ್ಟು ಹಸಿರು ಬಂದಾಗಲೇ ಅದು ಕೆಂಪಾದದ್ದು. ಹಕ್ಕಿ ಚಿಕ್ಕದಾಗುತ್ತ ಆಗುತ್ತ ಚಿತ್ರ ದೊಡ್ಡದಾಗುತ್ತಿತ್ತು, ನಾವಿಬ್ಬರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು.

ಇದರ ಹಿಂದೆ ಲೆಕ್ಕವೂ ಉಂಟು, ಅದೂ ಬೆರಗಿನದೇ. ಮಳೆಕಾಡಿನ ನೆಲಕ್ಕೆ ಇಳಿಯುವ ಬಿಸಿಲು ನೂರಕ್ಕೆ ಒಂದೆರಡು ಪಾಲು ಮಾತ್ರ. ಅರವತ್ತನಾಲ್ಕರಲ್ಲಿ ಒಂದು ಪಾಲು ಅಂದುಕೊಳ್ಳಿ. ಮಾಡದಕೆರೆಯ ರಾಗಿ ಹೊಲದ ಬಿಸಿಲಲ್ಲಿ ಐಎಸ್‌ಒ 100ಕ್ಕೆ ಬರುವ ಚಿತ್ರ, ಅದೇ ಲೆನ್ಸು, ಅದೇ ಅಪರ್ಚರ್, ಅದೇ ಶಟರ್ ಇಟ್ಟರೆ ಆ ನೆರಳಲ್ಲಿ 6400 ಕೇಳುತ್ತದೆ! ಐಎಸ್‌ಒ ಏರಿದಂತೆ ಚಿತ್ರದಲ್ಲಿ ಕಾಳುಕಾಳು ನಾಯ್ಸ್. ಹಕ್ಕಿಯನ್ನು ಹಿಗ್ಗಿಸಿದರೆ ಕಾಳೂ ಹಿಗ್ಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚುಕ್ಕಿಗಳಲ್ಲಿ ಹುಡುಗ ಮೊದಲು ಉಳಿಸಿದ್ದು 1500×1000, ಅಂದರೆ ಹದಿನಾರರಲ್ಲಿ ಒಂದೇ ಪಾಲು. ಹದಿನೈದು ಪಾಲು ಕಾಡು ಕಸದ ಬುಟ್ಟಿಗೆ!

ಇನ್ನು ಈ ಮೂರಕ್ಕೆ ಎರಡರ ಆಯತವಾದರೂ ಎಲ್ಲಿಂದ ಬಂತು? ಸಿನಿಮಾದಿಂದ! ಜರ್ಮನಿಯ ಓಸ್ಕರ್ ಬಾರ್ನಾಕ್ ಸಿನಿಮಾ ರೀಲಿನ 18×24 ಮಿಲಿಮೀಟರ್ ಚೌಕಟ್ಟನ್ನು ದುಪ್ಪಟ್ಟು ಮಾಡಿ 24×36 ಮಾಡಿಕೊಂಡ, 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು, ಜಗತ್ತಿನ ಅರ್ಧದಷ್ಟು ಹಕ್ಕಿಗಳು ಆ ಅಳತೆಯೊಳಗೆ ಬಂದು ಕೂತವು ಎಂದರೂ ನಡೆದೀತು. ಮೂರರಲ್ಲೊಂದರ ಗೆರೆಯ ಮೇಲೆ ಹಕ್ಕಿ ಇಡು ಎನ್ನುವ ಸೂತ್ರವೂ ಅಷ್ಟೇ, 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ನಿಸರ್ಗದೃಶ್ಯ ಬರೆಯುವವರಿಗೆ ಹೇಳಿದ್ದು. ಅವನ ತಲೆಯಲ್ಲಿದ್ದದ್ದು ನೆಲ, ಮುಗಿಲು, ಬೆಳಕು, ನೆರಳು, ಟ್ರೋಗನ್ ಅಲ್ಲ. ನನ್ನ ಕೇಳಿದರೆ, ಹಕ್ಕಿ ಎತ್ತ ನೋಡುತ್ತಿದೆ ಎಂದು ಮೊದಲು ನೋಡಿ, ಸೂತ್ರ ಆಮೇಲೆ.

ಯಾಕೆಂದರೆ ಒಂದೊಂದು ಹಕ್ಕಿಯೂ ತನ್ನ ಚೌಕಟ್ಟನ್ನು ತಾನೇ ಕೇಳುತ್ತದೆ! ಭೀಮರಾಜನನ್ನು ನೋಡಿ. ಬಾಲದಿಂದ ಎರಡು ತಂತಿ, ತಂತಿಯ ತುದಿಗೆ ಎರಡು ಪುಕ್ಕದ ಬಿಲ್ಲೆ. ಗೆರೆಯನ್ನು ಒಂದು ಚೂರು ಒಳಗೆ ಎಳೆದಿರೋ, ಬಿಲ್ಲೆ ಹೊರಗೆ, ಉಳಿದದ್ದು ಯಾವುದೋ ಕರಿ ಹಕ್ಕಿ. ದಾಂಡೇಲಿಯ ದೊಡ್ಡ ಮಂಗಟ್ಟೆ ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಐದು ಅಡಿ, ಅದಕ್ಕೆ ಮುಗಿಲೇ ಬೇಕು. ಆ ಕತ್ತಿನ ಹಳದಿ ಇದೆಯಲ್ಲ, ಅದು ಹಕ್ಕಿ ತಾನೇ ಹಚ್ಚಿಕೊಂಡದ್ದು! ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ಬಳಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಘಟ್ಟಕ್ಕೆ ಮರಿ ಮಾಡಲು ಬರುವ, ಫೋಟೋದವರೆಲ್ಲ ಓಡಿಕೆಎಫ್ ಎಂದು ಕರೆಯುವ ಅಂಗೈಯಗಲದ ಮಿಂಚುಳ್ಳಿಯ ನೀಲಿಯಲ್ಲಿ ನೀಲಿ ಬಣ್ಣದ ಒಂದು ಕಣವೂ ಇಲ್ಲ. ಪುಕ್ಕದೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನಷ್ಟೇ ಹೊರಕ್ಕೆ ಕಳಿಸುತ್ತದೆ. ಇಂಥವನ್ನು ಹತ್ತಿರದಿಂದ ಕ್ರಾಪ್ ಮಾಡಿದರೆ ತಪ್ಪೇನು? ಏನೂ ಇಲ್ಲ. ಪುಕ್ಕ ತೋರಿಸಬೇಕೆಂದಿದ್ದರೆ ಪುಕ್ಕವನ್ನೇ ತೋರಿಸಿ.

ಸ್ಲೈಡ್ ಫಿಲ್ಮಿನ ಕಾಲದಲ್ಲಿ ಕತ್ತರಿಸುವ ಈ ಆಟಕ್ಕೆ ಎಡೆಯೇ ಕಡಿಮೆ, ಕ್ಲಿಕ್ಕಿಸಿದ್ದೇ ಅಂತಿಮ ಎಂಬಂತೆ. ಕಪ್ಪು ಬಿಳುಪಿನವರು ಡಾರ್ಕ್‌ರೂಮಿನಲ್ಲಿ ಎನ್‌ಲಾರ್ಜರ್ ಅಡಿ ಅಂಚು ಸರಿಸುತ್ತಿದ್ದರು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಎಂಥ ಛಾಯಾಗ್ರಾಹಕರ ಸಾಲು! ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು, ಬಜೆಟ್ ಮಂಡಿಸಿದ ಕೈಯಲ್ಲೇ ಕಾಡಿನ ನೆರಳು ಬೆಳಕು ಹಿಡಿದವರು. ಇತ್ತ ಮೂಡಿಗೆರೆಯಲ್ಲಿ ಸಾಹಿತಿ ತೇಜಸ್ವಿ ಕಾಫಿ ತೋಟದ ನಡುವೆ ಹಕ್ಕಿಗಳ ಹಿಂದೆ ಬಿದ್ದಿದ್ದರು.

ಸ್ಟುಡಿಯೋದಲ್ಲಿ ಕಡೆಗೆ ಗೆರೆಗಳು ನಿಂತದ್ದು 4500×3000ಕ್ಕೆ. ಹುಡುಗನ ಹತ್ತಿರ ಇದ್ದದ್ದು ಆಲ್ಬಮ್ಮಿಗೆ ಹಾಕುವ 12×18 ಇಂಚಿನ ಹಾಳೆ. ಮೊದಲಿನ ಕ್ರಾಪ್ ಅದರ ಮೇಲೆ ಇಂಚಿಗೆ 83 ಚುಕ್ಕಿಯಾಗಿ ಒಡೆದುಹೋಗುತ್ತಿತ್ತು. ಈಗ 250, ನಿರಾಳ! "ಹಕ್ಕಿ ಚಿಕ್ಕದಾತಲ್ಲಣ್ಣ, ಜನ ಎಲ್ಲೈತೆ ಅಂತ ಕೇಳ್ತಾರೆ," ಅಂದ. ಕೇಳಲಿ ಬಿಡು, ಹುಡುಕಲಿ, ಅಂದೆ.

ಅಷ್ಟರಲ್ಲಿ ಅವನ ತಲೆಯಲ್ಲಿ ಮುಂದಿನದು ಶುರುವಾಗಿತ್ತು. ಚಳಿಗಾಲಕ್ಕೆ ರಾಜಹಕ್ಕಿ ದಕ್ಷಿಣದ ತೋಟ ತೋಪುಗಳಿಗೆ ಇಳಿಯುತ್ತದೆ. ಬೆಳ್ಳಗಿನ ಗಂಡಿನ ಬಾಲದ ಎರಡು ರಿಬ್ಬನ್ನು ಮೈಗಿಂತ ಉದ್ದ! ರಾತ್ರಿ ಹಾರಿ ವಲಸೆ ಹೋಗುವ ನವರಂಗವೂ ಅಕ್ಟೋಬರಿನಲ್ಲಿ ದಣಿದಾಗ ಸಿಕ್ಕ ನೆರಳಿಗೆ ಇಳಿಯುವುದುಂಟು, ಇವನ ಊರಿನ ಅಡಿಕೆ ತೋಟದಲ್ಲಿ ನೆರಳಿಗೇನು ಬರ? ರಾಜಹಕ್ಕಿಗೆ ಕ್ಯಾಮೆರಾ ನೆಟ್ಟಗೆ ತಿರುಗಿಸಿ ಹಿಡಿಯಬೇಕಾ, ಅಡ್ಡಡ್ಡ ಹಿಡಿದು ಆಮೇಲೆ ಕತ್ತರಿಸಬೇಕಾ? ಅಡ್ಡ ಹಿಡಿದು ನೆಟ್ಟಗೆ ಕತ್ತರಿಸಿದರೆ ಅರ್ಧಕ್ಕಿಂತ ಹೆಚ್ಚು ಚುಕ್ಕಿ ಹೋಗುತ್ತವೆ ಎಂದು ಲೆಕ್ಕ ಹಾಕಿ ತೋರಿಸಿದೆ. ಅವನು ಆಗಲೇ ಕ್ಯಾಮೆರಾ ಎತ್ತಿಕೊಂಡು, ಬಾಗಿಲಾಚೆಯ ತೆಂಗಿನ ಮರಕ್ಕೆ ನೆಟ್ಟಗೆ ಹಿಡಿದು, ಬಾಲಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕೆಂದು ಅಳೆಯುತ್ತಿದ್ದ.